ಆರು ಮೀಟರ್ ಹಗ್ಗ

ನಾನು ಒಂದು ಹಗ್ಗ. ಪುಂಡಿ ನಾರಿನ ಹಗ್ಗ. ನನ್ನ ತಾಯಿ ಪುಂಡಿ ಗಿಡ ಹೊಲದ ಬದುವಿನಲ್ಲಿ ಆಳೆತ್ತರ ಬೆಳೆದು ನಿಂತಿದ್ದಳು. ಅವಳ ಎಲೆಗಳೆಲ್ಲ ಪಲ್ಯವಾಗಿ ಯಾರ ಯಾರದೋ ರೊಟ್ಟಿಯ ಜೊತೆ ಹೋದವು. ಉಳಿದ ದಂಟನ್ನು ದುರಗಪ್ಪ ಎಂಬ ಹಗ್ಗ ಹೊಸೆಯುವವನು ಕೊಯ್ದು, ಕಂತೆ ಕಟ್ಟಿ, ಹಳ್ಳದ ಮಡುವಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿಟ್ಟ. ಹದಿನೈದು ದಿನ ಕೊಳೆತು, ನಾರು ಬಿಟ್ಟು, ಬಿಸಿಲಲ್ಲಿ ಒಣಗಿ ನಾನು ಬೆಳ್ಳಗಾದೆ. ದುರಗಪ್ಪ ಒಂದು ತುದಿಯಲ್ಲಿ ನಿಂತು ತಿರುವಿದ, ಅವನ ಹೆಂಡತಿ ಇನ್ನೊಂದು ತುದಿಯಿಂದ ನಾರು ಕೊಡುತ್ತ ಹಿಂದೆ ಹಿಂದೆ ನಡೆದಳು. ಹಾಗೆ ಅವಳು ಎಷ್ಟು ಹಿಂದೆ ನಡೆದಳೋ ಅಷ್ಟು ಉದ್ದ ನಾನಾದೆ.

ಸಂತೆಯಲ್ಲಿ ನನ್ನನ್ನು ಕೊಂಡವನು ಯಮನೂರಸಾಬ. ಗುಳೇದಗುಡ್ಡದ ಕಡೆಯ ಒಂದು ನೇಕಾರರ ಊರಿನ ಸರಕಾರಿ ಶಾಲೆಯಲ್ಲಿ ಅವನು ಜವಾನ. ಆದರೆ ನನ್ನನ್ನು ಕೊಂಡದ್ದು ಶಾಲೆಗಲ್ಲ, ಮನೆಯ ಆಡಿಗೆ. ಆ ಆಡು ನನ್ನನ್ನು ಕಟ್ಟುವ ಹಗ್ಗವೆಂದು ಒಂದು ದಿನವೂ ಒಪ್ಪಲಿಲ್ಲ. ತಿನ್ನುವ ವಸ್ತುವೆಂದೇ ನಂಬಿತ್ತು. ತಿಂಗಳೊಳಗೆ ನನ್ನ ಒಂದು ಮೊಳ ಅದರ ಹೊಟ್ಟೆ ಸೇರಿತು. ಯಮನೂರಸಾಬ ಅದಕ್ಕೆ ಸರಪಳಿ ತಂದು ಹಾಕಿ, ನನ್ನನ್ನು ಸುರುಳಿ ಸುತ್ತಿ ಶಾಲೆಯ ಕಪಾಟಿನ ಮೇಲೆ ಎಸೆದ. ಅಲ್ಲಿ ಹರಿದ ಭೂಪಟಗಳ ಜೊತೆ ಎಷ್ಟು ದಿನ ಮಲಗಿದ್ದೆನೋ ಗೊತ್ತಿಲ್ಲ.

ಒಂದು ದಿನ ಬೆಳಿಗ್ಗೆ ಶಾಲೆಗೆ ಒಬ್ಬ ಹೆಂಗಸು ಬಂದಳು. ಹೆಗಲಿಗೆ ದೊಡ್ಡ ಚೀಲ, ಕಾಲಿಗೆ ಧೂಳು ಹಿಡಿದ ಚಪ್ಪಲಿ. ಹೆಸರು ಇಂದುಮತಿ ಹೂಗಾರ. ತಾಲೂಕು ಆಸ್ಪತ್ರೆಯಲ್ಲಿ ನೇತ್ರ ಸಹಾಯಕಿ. ಶಾಲೆ ಶಾಲೆಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಮಕ್ಕಳು ಅವಳನ್ನು ಕಣ್ಣಿನ ಅಕ್ಕೋರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಅಕ್ಕೋರು ಚೀಲದಿಂದ ಅಳತೆಯ ಟೇಪು ತೆಗೆದರು. ಎಳೆದರು. ಅದು ಗೇಣುದ್ದ ಬಂದು, ಕಟಕ್ ಎಂದು ಒಳಗೆ ಹೋಗಿ, ಮತ್ತೆ ಹೊರಗೆ ಬರಲಿಲ್ಲ.

"ಇದರ ಮನಿ ಹಾಳಾಗ್ಲಿ," ಎಂದರು ಅಕ್ಕೋರು. "ಯಮನೂರಸಾಬ, ಒಂದ ಹಗ್ಗ ಐತೇನು ನೋಡಪಾ. ಹುಡುಗರು ಬೋರ್ಡಿನಿಂದ ಸರಿಯಾಗಿ ಆರು ಮೀಟರ್ ದೂರ ನಿಲ್ಲಬೇಕು. ಹೆಜ್ಜಿ ಲೆಕ್ಕ ನಾ ನಂಬಂಗಿಲ್ಲ."

"ಐತ್ರಿ ಅಕ್ಕೋರ, ಆದ್ರ ಸ್ವಲ್ಪ ಆಡು ತಿಂದೈತ್ರಿ."

"ಉಳಿದದ್ದು ತಾ."

ಅಕ್ಕೋರು ಗಣಿತದ ಪೆಟ್ಟಿಗೆಯಿಂದ ಮೀಟರ್ ಕೋಲು ತರಿಸಿ, ನನ್ನನ್ನು ನೆಲದ ಮೇಲೆ ಬಿಗಿಯಾಗಿ ಹಿಡಿದು, ಆರು ಸಲ ಅಳೆದರು. ಹೆಚ್ಚಾದದ್ದನ್ನು ಬ್ಲೇಡಿನಿಂದ ಕೊಯ್ದರು. ತುದಿ ಬಿಚ್ಚಿಕೊಳ್ಳದಂತೆ ಎರಡೂ ಕಡೆ ಕೆಂಪು ಖಣದ ಚೂರು ಸುತ್ತಿ ಹೊಲಿದರು. ಆ ಊರಿನಲ್ಲಿ ಕುಪ್ಪಸದ ಖಣದ ಚೂರಿಗೇನೂ ಬರವಿರಲಿಲ್ಲ, ಮನೆಗೊಂದು ಮಗ್ಗ. ಹೀಗೆ ಆಡು ತಿಂದು ಉಳಿಸಿದ ನಾನು ಅಂದಿನಿಂದ ಸರಕಾರಿ ಕೆಲಸಕ್ಕೆ ಸೇರಿದೆ.

ನನ್ನ ಕೆಲಸ ಸುಲಭದ್ದು. ಗೋಡೆಗೆ ಒಂದು ದೊಡ್ಡ ರಟ್ಟು ತೂಗುಹಾಕುತ್ತಿದ್ದರು. ಅದರ ಮೇಲೆ ಮೂರು ಹಲ್ಲಿನ ಹಣಿಗೆಯಂಥ ಗುರುತುಗಳು. ಮೇಲಿನ ಸಾಲಿನಲ್ಲಿ ಅಂಗೈ ಅಗಲದ ಒಂದೇ ಹಣಿಗೆ. ಕೆಳಗೆ ಬಂದಂತೆ ಸಣ್ಣವು, ಇನ್ನೂ ಸಣ್ಣವು. ನನ್ನ ಒಂದು ತುದಿಯನ್ನು ರಟ್ಟಿನ ಹತ್ತಿರ ಅಕ್ಕೋರು ಹಿಡಿಯುತ್ತಿದ್ದರು, ಇನ್ನೊಂದನ್ನು ಮಗು ಹಿಡಿಯುತ್ತಿತ್ತು. ಮಗು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಅಕ್ಕೋರು ತೋರಿಸಿದ ಹಣಿಗೆಯ ಹಲ್ಲು ಯಾವ ಕಡೆ ಇದೆ ಎಂದು ಹೇಳಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಅಷ್ಟೇ.

ಆ ದಿನ ಏಳನೆಯ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವರ ಮಾಸ್ತರು ಸಂಗಯ್ಯನವರು ಹೆಸರು ಬರೆದುಕೊಳ್ಳುತ್ತಿದ್ದರು. ಒಳ್ಳೆಯ ಮಾಸ್ತರು, ಆದರೆ ಸಿಟ್ಟಿನವರು. ಸಾಲಿನ ಕಡೆಯಲ್ಲಿ ಎಲ್ಲರಿಗಿಂತ ಎತ್ತರದ ಒಬ್ಬ ಹುಡುಗಿ ನಿಂತಿದ್ದಳು. ಅವಳ ಸರದಿ ಬಂದಾಗ ಮಾಸ್ತರು ಅಕ್ಕೋರಿಗೆ ಕೇಳುವ ಹಾಗೆಯೇ ಹೇಳಿದರು.

"ಇಕಿ ಬನಶಂಕರಿ. ಬನವ್ವ ಅಂತಾರ. ಇಕಿ ಕಣ್ಣ ಭಾಳ ಚೂಪ ಬಿಡ್ರಿ, ಬಾಜೂದಾಕಿ ನೋಟಬುಕ್ ನೋಡಿ ಕಾಪಿ ಹೊಡಿಯೂದಕ್ಕ. ಬೋರ್ಡ್ ನೋಡಿ ಬರಿ ಅಂದ್ರ ಬರಿಯಂಗಿಲ್ಲ. ಏಳನೇತ್ತ ಮುಗಿಸಿದ್ರ ಸಾಕು, ಮಗ್ಗಕ್ಕ ಕುಂಡ್ರಸ್ತೀವಿ ಅಂತ ಅವರ ಮನ್ಯಾಗೂ ಹೇಳ್ಯಾರ."

ಬನವ್ವ ಸಾಲು ಬಿಟ್ಟು ಬಂದು ನನ್ನ ತುದಿ ಹಿಡಿದಳು. ಅವಳ ಬೆರಳು ನಾನು ಅಂದು ಮುಟ್ಟಿದ ಬೆರಳುಗಳಲ್ಲೆಲ್ಲ ಬೇರೆಯಾಗಿತ್ತು. ತುದಿಯಲ್ಲಿ ಮಗ್ಗದ ನೂಲು ಎಳೆದು ಎಳೆದು ನುಣುಪಾದ ಗೆರೆಯಿತ್ತು.

"ಹಲ್ಲು ಯಾ ಕಡೆ ಐತಿ ಹೇಳವಾ," ಎಂದರು ಅಕ್ಕೋರು, ಮೇಲಿನ ದೊಡ್ಡ ಹಣಿಗೆಗೆ ಕಡ್ಡಿ ಇಟ್ಟು.

"ಬಲಕ."

ಮುಂದಿನ ಸಾಲು. "ಮ್ಯಾಲ. ಎಡಕ." ಮುಂದಿನದು. "ಕೆಳಗ. ಬಲಕ. ಮ್ಯಾಲ." ಎಲ್ಲೂ ತಡವರಿಸಲಿಲ್ಲ. ಕಡೆಯ ಸಾಲಿನ ಸಣ್ಣ ಸಣ್ಣ ಹಣಿಗೆಗಳನ್ನೂ ಪಟಪಟ ಹೇಳಿ ಮುಗಿಸಿದಳು. ತರಗತಿಯಲ್ಲೇ ಅಷ್ಟು ಚುರುಕಾಗಿ ಹೇಳಿದವರು ಇನ್ನೊಬ್ಬರಿಲ್ಲ.

ಆದರೆ ನನಗೆ ಗೊತ್ತಾಯಿತು. ನೋಡುವ ಮಕ್ಕಳು ನನ್ನನ್ನು ಹಿಡಿಯುವ ರೀತಿಯೇ ಬೇರೆ. ಸಣ್ಣ ಗುರುತು ಬಂದಾಗ ಅವರು ಕತ್ತು ಚಾಚುತ್ತಾರೆ, ನಾನು ಒಂದಿಷ್ಟು ಸಡಿಲಾಗುತ್ತೇನೆ. ಬನವ್ವ ಕದಲಲೇ ಇಲ್ಲ. ಅವಳು ನೋಡುತ್ತಿರಲಿಲ್ಲ. ತನಗಿಂತ ಮುಂದೆ ನಿಂತ ಮೂವತ್ತೊಂದು ಮಕ್ಕಳು ಹೇಳಿದ್ದನ್ನು ಕೇಳಿ ಕೇಳಿ, ಖಣದ ಮೇಲಿನ ಹೂವಿನ ಎಳೆಯನ್ನು ನೇಕಾರರು ನೆನಪಿಟ್ಟುಕೊಳ್ಳುವ ಹಾಗೆ ನೆನಪಿಟ್ಟುಕೊಂಡಿದ್ದಳು. ಪಾಪ, ಅವಳ ಮಟ್ಟಿಗೆ ಇದೂ ಒಂದು ಪರೀಕ್ಷೆ. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಪೂರ್ತಿ ಅಂಕ ಬಂದಿರಲಿಲ್ಲ. ಇದೊಂದರಲ್ಲಾದರೂ ಬರಲಿ ಎಂದು ಅವಳ ಆಸೆ.

ನಾನು ಹೇಳಬೇಕೆಂದರೆ ಹಗ್ಗಕ್ಕೆ ಬಾಯಿ ಎಲ್ಲಿದೆ?

"ಶಾಣ್ಯಾಕಿ," ಎಂದರು ಅಕ್ಕೋರು. "ಈಗ ಇನ್ನೊಂದ ಕಣ್ಣ ಮುಚ್ಚು."

ಅವಳು ಕೈ ಬದಲಿಸಿದಳು. ಅಷ್ಟರಲ್ಲಿ ಕಿಟಕಿಯಿಂದ ಒಂದು ಗಾಳಿ ಬಂತು. ಮೊಳೆಗೆ ತೂಗುಹಾಕಿದ್ದ ರಟ್ಟು ಪಟ್ ಎಂದು ಮಗುಚಿಕೊಂಡಿತು. ಅದರ ಹಿಂಬದಿಯಲ್ಲೂ ಹಣಿಗೆಗಳೇ ಇದ್ದವು, ಆದರೆ ಬೇರೆ ಕ್ರಮದಲ್ಲಿ. ಅಕ್ಕೋರು ಅದನ್ನು ತಿರುಗಿಸಲು ಕೈ ಎತ್ತಿದವರು, ಯಾಕೋ ನಿಂತರು. ಸುಮ್ಮನೆ ಕಡ್ಡಿಯನ್ನು ಮೇಲಿನ ಹಣಿಗೆಗೆ ಇಟ್ಟರು. ಅದರ ಹಲ್ಲು ಈಗ ಕೆಳಗಿತ್ತು.

"ಬಲಕ," ಎಂದಳು ಬನವ್ವ. "ಮ್ಯಾಲ. ಎಡಕ. ಕೆಳಗ, ಬಲಕ, ಮ್ಯಾಲ."

ಇಡೀ ತರಗತಿ ಹೋ ಎಂದು ನಕ್ಕಿತು. ರಟ್ಟು ಮಗುಚಿದ್ದನ್ನು ಎಲ್ಲರೂ ನೋಡಿದ್ದರು, ಅವಳೊಬ್ಬಳನ್ನು ಬಿಟ್ಟು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಬನವ್ವನೂ ಸ್ವಲ್ಪ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮಾಸ್ತರು ಕುರ್ಚಿಯಿಂದ ಎದ್ದರು.

"ಕುಂಡ್ರಿ ಸರ," ಎಂದರು ಅಕ್ಕೋರು. ಆಮೇಲೆ ಬನವ್ವನಿಗೆ, "ತಂಗಿ, ನೀ ತಪ್ಪ ಮಾಡಿಲ್ಲ. ಈ ಪರೀಕ್ಷಾದಾಗ ಪಾಸು ನಪಾಸು ಅನ್ನೂದ ಇಲ್ಲ. ಈಗ ಒಂದ ಕೆಲಸ ಮಾಡು. ಹಗ್ಗಾ ಕೈಯಾಗ ಸುತಕೋತ ನನ್ನ ಕಡೆ ಬಾ. ಮ್ಯಾಲಿನ ದೊಡ್ಡ ಹಣಗಿ ಖರೇನ ಕಂಡ ಕೂಡ್ಲೆ ನಿಂದ್ರು."

ಬನವ್ವ ನನ್ನನ್ನು ಅಂಗೈಗೆ ಸುತ್ತಿಕೊಳ್ಳುತ್ತ ನಡೆದಳು. ಒಂದು ಸುತ್ತು. ಎರಡು ಸುತ್ತು. ನಗುತ್ತಿದ್ದ ಮಕ್ಕಳು ಮೂರನೆಯ ಸುತ್ತಿಗೆ ಸುಮ್ಮನಾದರು. ಐದು ಸುತ್ತು, ಆರು ಸುತ್ತು. ನನ್ನ ಮೈಯೆಲ್ಲ ಅವಳ ಕೈ ಸೇರುತ್ತಿತ್ತು, ಆದರೂ ಅವಳು ನಿಲ್ಲಲಿಲ್ಲ. ಕಡೆಗೆ ಅವಳಿಗೂ ರಟ್ಟಿಗೂ ನಡುವೆ ಎರಡು ಮಾರಿಗಿಂತ ಕಡಿಮೆ ಉಳಿದಾಗ ನಿಂತಳು.

"ಈಗ ಕಂಡ್ತ್ರಿ," ಎಂದಳು. "ಹಲ್ಲು ಕೆಳಗದಾವ. ಅಯ್ಯ, ಇದು ಇಷ್ಟ ಕರ್ರಗ ಇರ್ತೈತೇನ್ರಿ?"

ಸಂಗಯ್ಯ ಮಾಸ್ತರು ತಮ್ಮ ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನಾ ಹಿಂದಿನ ಬೆಂಚಿಗೆ ಕುಂಡ್ರಿಸಿದ್ದೆ," ಎಂದರು ಯಾರಿಗೋ ಹೇಳುವಂತೆ. "ಎತ್ತರ ಅದಾಳ ಅಂತ. ಮೂರು ವರ್ಷ." ಆಮೇಲೆ ಎದ್ದು ಹೋಗಿ ಅವಳ ಚೀಲವನ್ನು ತಾವೇ ಎತ್ತಿ ತಂದು ಮುಂದಿನ ಬೆಂಚಿನ ಮೇಲಿಟ್ಟರು.

ಅಂದು ಸಂಜೆ ಅಕ್ಕೋರು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬನವ್ವನ ಮನೆಗೆ ಹೋದರು. ಓಣಿಯ ತುಂಬ ಮಗ್ಗದ ಸದ್ದು. ಮನೆಯ ಒಳಗೆ ಅವಳ ಅಪ್ಪ ಮಾನಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಖಣ ನೇಯುತ್ತಿದ್ದ. ಅಜ್ಜಿ ಗೌರವ್ವ ಬಾಗಿಲಲ್ಲಿ ಕುಳಿತು ರಾಟಿ ತಿರುಗಿಸುತ್ತಿದ್ದಳು. ಆ ಮನೆಯ ಯಜಮಾನಿಕೆ ಅಜ್ಜಿಯದು. ಅಕ್ಕೋರು ವಿಷಯ ಹೇಳಿದ್ದೇ ತಡ, ಅಜ್ಜಿ ನಕ್ಕುಬಿಟ್ಟಳು.

"ನಮ್ಮ ಬನವ್ವಗ ಕಣ್ಣ ಕಾಣಂಗಿಲ್ಲಾ? ಯವ್ವಾ, ನೀ ಮನಿ ತಪ್ಪಿ ಬಂದೀಯೇನ ನೋಡು. ಖಣದಾಗ ಒಂದ ಎಳಿ ಕಡಿದಿದ್ರ ನನ್ನ ಮಗಗ ಸಿಗಂಗಿಲ್ಲ, ಇಕಿ ಹಿಂಗ ಹಿಡಿದು ಕೊಡ್ತಾಳ. ರೇಶಿಮಿ ಎಳಿ! ಕೂದಲಕಿಂತ ಸಣ್ಣದು!"

"ಹತ್ರದ್ದು ಕಾಣ್ತೈತಿ ಯವ್ವಾ. ದೂರದ್ದು ಕಾಣಂಗಿಲ್ಲ."

"ಕಣ್ಣಿದ್ದರ ಎಲ್ಲಾ ಕಾಣ್ತೈತಿ. ಕಣ್ಣಿನಾಗೂ ಹತ್ರದ್ದು ಬ್ಯಾರೆ, ದೂರದ್ದು ಬ್ಯಾರೆ ಇರ್ತಾವೇನ?"

ಅಕ್ಕೋರು ವಾದ ಮಾಡಲಿಲ್ಲ. ನನ್ನನ್ನು ಚೀಲದಿಂದ ತೆಗೆದರು. ಬನವ್ವನನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಒಂದು ತುದಿ ಕೊಟ್ಟರು. ಇನ್ನೊಂದು ತುದಿಯನ್ನು ಓಣಿಯ ಆಚೆ ಬದಿಯ ಕಟ್ಟೆಯವರೆಗೆ ಎಳೆದೊಯ್ದರು. ಆಮೇಲೆ ಒಳಗೆ ಹೋಗಿ ಮಾನಪ್ಪನ ಕಿವಿಯಲ್ಲಿ ಏನೋ ಹೇಳಿದರು. ಮಾನಪ್ಪ ತನ್ನ ಬಿಳಿ ಟೋಪಿಯನ್ನು ತೆಗೆದುಕೊಟ್ಟ. ಅಕ್ಕೋರು ಅದನ್ನು ಪಕ್ಕದ ಮನೆಯ ಈರಣ್ಣನ ತಲೆಗೆ ಹಾಕಿ, ನನ್ನ ಆಚೆ ತುದಿಯಲ್ಲಿ ಅವನನ್ನು ನಿಲ್ಲಿಸಿದರು. ಈರಣ್ಣ ನಗು ತಡೆಯಲಾರದೆ ತುಟಿ ಕಚ್ಚಿಕೊಂಡು ನಿಂತ. ಮಾನಪ್ಪನೋ ಮಗಳ ಬೆನ್ನ ಹಿಂದೆಯೇ, ಬಾಗಿಲ ಮರೆಯಲ್ಲಿದ್ದ.

"ಅಲ್ಲಿ ನಿಂತಾವ್ರು ಯಾರು ಬನವ್ವಾ?"

ಬನವ್ವ ಹುಬ್ಬು ಗಂಟಿಕ್ಕಿ ನೋಡಿದಳು. "ಯಾರಂದ್ರ? ನಮ್ಮ ಅಪ್ಪಲ್ರೀ?"

ಓಣಿಯವರೆಲ್ಲ ಗೊಳ್ಳೆಂದರು. ಈರಣ್ಣ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ. ನಗದವನೆಂದರೆ ಮಾನಪ್ಪ ಒಬ್ಬನೇ. ಬಾಗಿಲ ಮರೆಯಿಂದ ಈಚೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ತಿರುಗಿ ನೋಡಿ, ಅಪ್ಪ ಎರಡೂ ಕಡೆ ಇರುವುದು ಹೇಗೆಂದು ತಿಳಿಯದೆ ಬೆಪ್ಪಾದಳು.

ಅಜ್ಜಿಯ ರಾಟಿ ನಿಂತಿತು. ಅವಳು ಎದ್ದು, ಸೊಂಟ ಹಿಡಿದುಕೊಂಡು ನಡೆದು, ಈರಣ್ಣನನ್ನು ಆಚೆ ಸರಿಸಿ ಆ ಜಾಗದಲ್ಲಿ ತಾನೇ ನಿಂತಳು.

"ನಾ ಯಾರ?"

"ನೀ ಅಜ್ಜಿ."

"ಹೆಂಗ ಗೊತ್ತಾತು?"

"ಹಸರ ಸೀರಿ ಐತಲ್ಲ. ಮತ್ತ ನಿನ್ನ ದನಿ."

"ಮಾರಿ? ನನ್ನ ಮಾರಿ ಕಾಣಂಗಿಲ್ಲಾ?"

ಬನವ್ವ ಏನು ವಿಚಿತ್ರ ಪ್ರಶ್ನೆ ಎನ್ನುವ ಹಾಗೆ ಹೇಳಿದಳು. "ಮಾರಿ ಹತ್ರ ಬಂದ ಮ್ಯಾಲ ಬರ್ತೈತಲ್ಲಬೇ. ಎಲ್ಲಾರದೂ ಹಂಗ ಅಲ್ಲೇನ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಮಗನ ಕಡೆ ತಿರುಗಿದಳು. "ಮಾನಪ್ಪಾ, ನಾಳೆ ಮಗ್ಗ ಬಂದ್ ಇಡು. ದವಾಖಾನಿಗೆ ಹೋಗೂದೈತಿ. ನಾನೂ ಬರ್ತೀನಿ."

ಹದಿನೈದು ದಿನಕ್ಕೆ ಕನ್ನಡಕ ಬಂತು. ಅದನ್ನು ಕೊಡಲು ಅಕ್ಕೋರು ಶಾಲೆಗೆ ಹೋದಾಗ ನಾನು ಚೀಲದಲ್ಲಿಯೇ ಇದ್ದೆ. ದಪ್ಪ ಗಾಜು, ಕೆಂಪು ಚೌಕಟ್ಟು. ಬನವ್ವ ಹಾಕಿಕೊಂಡು, ಎರಡೂ ಕೈಯಿಂದ ಹಿಡಿದುಕೊಂಡು, ಬಹಳ ಹೊತ್ತು ಸುಮ್ಮನೆ ಸುತ್ತ ನೋಡಿದಳು. ಎಲ್ಲರೂ ಅವಳು ಏನು ಹೇಳುತ್ತಾಳೆಂದು ಕಾದರು.

"ಸರ," ಎಂದಳು ಕಡೆಗೆ, "ನಿಮ್ಮ ಅಂಗಿ ಎರಡನೇ ಗುಂಡಿ ಬ್ಯಾರೆ ಬಣ್ಣದ್ದೈತ್ರಿ."

ಸಂಗಯ್ಯ ಮಾಸ್ತರು ಬಗ್ಗಿ ನೋಡಿಕೊಂಡರು. ಹೌದಾಗಿತ್ತು. ಅಷ್ಟು ಜೋರಾಗಿ ಆ ಮಾಸ್ತರು ನಕ್ಕದ್ದನ್ನು ತಾನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ ಎಂದು ಯಮನೂರಸಾಬ ಆಮೇಲೆ ಹೇಳುತ್ತಿದ್ದ. ಆ ವರ್ಷ ಅವಳು ಏಳನೆಯದನ್ನು ದಾಟಿದಳು. ಮಗ್ಗಕ್ಕೆ ಕೂರಿಸುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಹೈಸ್ಕೂಲಿಗೆ ಹೆಸರು ಹಚ್ಚಲು ಅಜ್ಜಿಯೇ ಕೈ ಹಿಡಿದು ಕರೆದುಕೊಂಡು ಹೋದಳಂತೆ.

ಆದರೆ ಆ ಕೆಂಪು ಚೌಕಟ್ಟು ಅಕ್ಕೋರಿಗೆ ಒಂದು ಪೇಚು ತಂದಿಟ್ಟಿತು. ಕನ್ನಡಕ ಕೊಟ್ಟ ಮರುವಾರವೇ ಅದೇ ತರಗತಿಯ ಹನ್ನೆರಡು ಹುಡುಗಿಯರಿಗೆ ಒಮ್ಮೆಲೇ ಕಣ್ಣು ಕಾಣದಾಯಿತು! ಒಬ್ಬಳಿಗೆ ಬೋರ್ಡು ಮಂಜು, ಒಬ್ಬಳಿಗೆ ಮಾಸ್ತರೇ ಮಂಜು. ಅಕ್ಕೋರು ಮುಖ ಗಂಭೀರ ಮಾಡಿಕೊಂಡು ಎಲ್ಲರನ್ನೂ ನನ್ನ ತುದಿಯಲ್ಲಿ ನಿಲ್ಲಿಸಿದರು. ಒಬ್ಬೊಬ್ಬಳಿಗೂ ಒಂದು ಪರೀಕ್ಷೆಯ ಚೌಕಟ್ಟು ಹಾಕಿ, ಅದರಲ್ಲಿ ಯಾವ ಶಕ್ತಿಯೂ ಇಲ್ಲದ ಬರೀ ಗಾಜನ್ನು ಇಟ್ಟರು.

"ಈಗ ಹೆಂಗ ಕಾಣ್ತೈತಿ?"

"ಅಗದೀ ಛಲೋ ಕಾಣ್ತೈತ್ರಿ ಅಕ್ಕೋರ! ಕೆಳಗಿನ ಸಾಲೂ ಕಾಣ್ತೈತ್ರಿ!"

ಹನ್ನೊಂದು ಹುಡುಗಿಯರ ಕಣ್ಣು ಬರೀ ಗಾಜಿನಿಂದಲೇ ವಾಸಿಯಾಯಿತು. ಹನ್ನೆರಡನೆಯವಳು ಮಾತ್ರ ಆ ಗಾಜು ಹಾಕಿದರೂ ತಲೆ ಅಲ್ಲಾಡಿಸಿದಳು. ಅವಳ ಒಂದು ಕಣ್ಣು ನಿಜವಾಗಿಯೂ ಮಂದವಾಗಿತ್ತು. ಮೊದಲ ಸಲ ಅಕ್ಕೋರಿಗೇ ಅದು ತಪ್ಪಿಹೋಗಿತ್ತು. ಆ ಹುಡುಗಿ ಬೆರಳ ಸಂದಿಯಿಂದ ಒಳ್ಳೆಯ ಕಣ್ಣಲ್ಲಿ ನೋಡಿ ಹೇಳಿದ್ದಳು. ಅಂದಿನಿಂದ ಅಕ್ಕೋರು ಮಕ್ಕಳ ಅಂಗೈಯನ್ನು ನಂಬುವುದು ಬಿಟ್ಟು ರಟ್ಟಿನ ತುಂಡಿನಿಂದ ಕಣ್ಣು ಮುಚ್ಚಿಸತೊಡಗಿದರು.

ಹದಿಮೂರು ವರ್ಷ ನಾನು ಅಕ್ಕೋರ ಜೊತೆ ತಿರುಗಿದೆ. ಕೆಂಪು ಬಸ್ಸಿನ ಹಿಂದಿನ ಸೀಟು, ಟಂಟಂ ಗಾಡಿಯ ತುದಿ, ಒಮ್ಮೊಮ್ಮೆ ಎತ್ತಿನ ಬಂಡಿ. ಅಂಗೈಗೆ ಬೆಲ್ಲ ಅಂಟಿದ ಮಕ್ಕಳು, ಮಣ್ಣು ಮೆತ್ತಿದ ಮಕ್ಕಳು, ಹೆದರಿ ನನ್ನನ್ನು ಜಗ್ಗಿ ಹಿಡಿದ ಮಕ್ಕಳು. ನಡುವೆ ಬಿಡುವು ಸಿಕ್ಕರೆ ಹುಡುಗರು ನನ್ನನ್ನು ಹಿಡಿದು ಜಗ್ಗಾಟ ಆಡುತ್ತಿದ್ದರು. ಅಕ್ಕೋರು ಗದರಿದಂತೆ ಮಾಡಿ ಆಡಲು ಬಿಡುತ್ತಿದ್ದರು.

ಆ ಜಗ್ಗಾಟವೇ ನನಗೆ ಮುಳುವಾಯಿತು. ಒಂದು ಶಾಲೆಯಲ್ಲಿ ಮಕ್ಕಳಿಗೆ ಅಳತೆಯ ಪಾಠ ನಡೆದಿತ್ತು. ಹೊಸ ಟೇಪು ಹಿಡಿದ ಒಬ್ಬ ಪುಟ್ಟ ಹುಡುಗಿ ಬೆಂಚು, ಬಾಗಿಲು, ಮಾಸ್ತರ ಛತ್ರಿ ಎಲ್ಲ ಅಳೆದು ಮುಗಿಸಿ, ನನ್ನನ್ನೂ ಅಳೆದಳು.

"ಅಕ್ಕೋರ, ನಿಮ್ಮ ಹಗ್ಗ ಆರು ಮೀಟರ್ ಮೂವತ್ತೆರಡು ಸೆಂಟಿಮೀಟರ್ ಐತ್ರಿ."

ಅಕ್ಕೋರು ಅವಳ ಕೈಯಿಂದ ಟೇಪು ಇಸಿದುಕೊಂಡರು. ತಾವೇ ಮೂರು ಸಲ ಅಳೆದರು. ಹುಡುಗಿ ಹೇಳಿದ್ದು ಸರಿ. ವರ್ಷಗಟ್ಟಲೆ ಎಳೆದು ಎಳೆದು ನಾನು ಒಂದೂವರೆ ಗೇಣು ಬೆಳೆದಿದ್ದೆ. ನನಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ. ಅಕ್ಕೋರು ಮನೆಗೆ ಹೋಗಿ ಆ ವರ್ಷದ ಪಟ್ಟಿಗಳನ್ನೆಲ್ಲ ಹರವಿಕೊಂಡು ಕುಳಿತರು. ಆಮೇಲೆ ತಮಗೇ ಸಮಾಧಾನ ಹೇಳಿಕೊಂಡರು: "ಹುಡುಗರು ದೂರ ನಿಂತಾರ, ಹತ್ರ ನಿಂತಿಲ್ಲ. ಅಂದ್ರ ಯಾರೂ ತಪ್ಪಿಸಿಕೊಂಡಿಲ್ಲ." ಆದರೂ ಕೂದಲೆಳೆಯಲ್ಲಿ ನಪಾಸಾಗಿದ್ದ ಒಂಬತ್ತು ಮಕ್ಕಳನ್ನು ಹುಡುಕಿಕೊಂಡು ಹೋಗಿ, ಹೊಸ ಟೇಪಿನಿಂದ ಅಳೆದು ಮತ್ತೆ ಪರೀಕ್ಷೆ ಮಾಡಿದರು. ಮೂವರಿಗೆ ಕಣ್ಣು ಸರಿಯಾಗಿಯೇ ಇತ್ತು. ಸುಮ್ಮನೆ ತಾಲೂಕು ಆಸ್ಪತ್ರೆಗೆ ಹೋಗಿಬಂದಿದ್ದರು. ಅಕ್ಕೋರು ತಪ್ಪಾಯಿತೆಂದಾಗ ಒಬ್ಬ ಹುಡುಗ, "ಇರ್ಲಿ ಬಿಡ್ರಿ ಅಕ್ಕೋರ, ಬಸ್ಸಿನ್ಯಾಗ ಹೋಗಿ ಮಿರ್ಚಿ ತಿಂದ ಬಂದೇವಿ, ಮತ್ತೊಮ್ಮಿ ಕಳಸ್ರಿ," ಎಂದ.

ಅಂದಿಗೆ ನನ್ನ ನೌಕರಿ ಮುಗಿಯಿತು. ಎಸೆಯಲು ಅಕ್ಕೋರಿಗೆ ಮನಸ್ಸಾಗಲಿಲ್ಲ. ಬಾಗಲಕೋಟೆಯ ತಮ್ಮ ಮನೆಯ ಹಿತ್ತಲಲ್ಲಿ ನುಗ್ಗೆಯ ಮರಕ್ಕೂ ಕಿಟಕಿಯ ಸರಳಿಗೂ ನನ್ನನ್ನು ಕಟ್ಟಿದರು. ಬಟ್ಟೆ ಒಣಹಾಕುವ ಹಗ್ಗವಾದೆ. ಇಲ್ಲಿ ಉದ್ದ ಹೆಚ್ಚಾದರೆ ಯಾರೂ ಬೈಯುವುದಿಲ್ಲ. ಹೆಚ್ಚಿದಷ್ಟೂ ಇನ್ನೊಂದು ಟವೆಲ್ಲಿಗೆ ಜಾಗ.

ಅಕ್ಕೋರೂ ನಿವೃತ್ತರಾದರು. ಸೊಸೆ ಸವಿತಾ ಬಂದಳು, ಮೊಮ್ಮಗ ಬಂದ. ವರ್ಷಗಳು ಹೋದವು. ಈಚೆಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅಕ್ಕೋರು ಬಟ್ಟೆ ಹಾಕಲು ಬಂದರೆ ಮೊದಲು ಕೈಯಾಡಿಸಿ ನನ್ನನ್ನು ಹುಡುಕುತ್ತಿದ್ದರು. ಒಂದು ದಿನ ಮೊಮ್ಮಗನ ಚಡ್ಡಿಯನ್ನು ಹಗ್ಗದ ಮೇಲೆ ಹಾಕಿದೆ ಎಂದುಕೊಂಡು ಗಾಳಿಯ ಮೇಲೆ ಹಾಕಿದರು. ಅದು ನೆಲಕ್ಕೆ ಬಿತ್ತು. ಸವಿತಾ ನೋಡಿದಳು.

"ಅತ್ತೀ, ನಿಮ್ಮ ಕಣ್ಣಿಗೆ ಪೊರಿ ಬಂದೈತಿ. ತೋರಿಸ್ಕೊಂಡ ಬರೂಣ ಬರ್ರಿ."

"ನನ್ನ ಕಣ್ಣಿಗೇನಾಗೈತಿ? ಎಷ್ಟ ಸಾವಿರ ಹುಡುಗರ ಕಣ್ಣ ನೋಡಿದಾಕಿ ನಾನು. ನನಗ ಗೊತ್ತಾಗಂಗಿಲ್ಲೇನ?"

"ಹಂಗಾರ ಅಲ್ಲಿ ಗ್ವಾಡಿ ಮ್ಯಾಲ ಕುಂತದ್ದೇನು ಹೇಳ್ರಿ."

ಅಕ್ಕೋರು ಹುಬ್ಬು ಗಂಟಿಕ್ಕಿ ನೋಡಿದರು. "ಬೆಕ್ಕು."

"ನಿಮ್ಮ ಮೊಮ್ಮಗನ ಬೂಟು."

ನನಗೆ ನಗು ತಡೆಯಲಾಗಲಿಲ್ಲ. ಗಾಳಿಯಿಲ್ಲದಿದ್ದರೂ ಸ್ವಲ್ಪ ಅಲ್ಲಾಡಿದೆ. ಇಡೀ ತಾಲೂಕಿನ ಅಜ್ಜಿಯರಿಗೆ ಬುದ್ಧಿ ಹೇಳಿದ ಅಕ್ಕೋರು ತಮ್ಮ ಸರದಿ ಬಂದಾಗ ಮೂರು ತಿಂಗಳು ಹಟ ಹಿಡಿದರು. ಸಂಕ್ರಾಂತಿ ಆಗಲಿ ಎಂದರು, ಮೊಮ್ಮಗನ ಪರೀಕ್ಷೆ ಆಗಲಿ ಎಂದರು. ಕಡೆಗೆ ಸವಿತಾಳೇ ಆಟೋ ಕರೆಸಿ ಕೂರಿಸಿಕೊಂಡು ಹೋದಳು. ಒಂದು ಕಣ್ಣಿನ ಪೊರೆ ತೆಗೆದರು. ವಾರಗಟ್ಟಲೆ ಕಪ್ಪು ಕನ್ನಡಕ ಹಾಕಿಕೊಂಡು, ಹನಿ ಬಿಡಿಸಿಕೊಂಡು, ಹಿತ್ತಲಿಗೆ ಕಾಲಿಡದೆ ಕುಳಿತಿದ್ದರು.

ಇವತ್ತು ಬೆಳಿಗ್ಗೆ ಮೊದಲ ಸಲ ಹೊರಗೆ ಬಂದರು. ಕಪ್ಪು ಕನ್ನಡಕ ತೆಗೆದರು. ನುಗ್ಗೆಯ ಮರ ನೋಡಿದರು, ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹತ್ತಿರ ಬರಲಿಲ್ಲ, ಬಾಗಿಲಲ್ಲೇ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಏನಾದರೂ ಒಳ್ಳೆಯ ಮಾತು ಆಡುತ್ತಾರೆಂದು ನಾನು ಕಾದೆ. ಎಷ್ಟಾದರೂ ಹಳೆಯ ಸ್ನೇಹ.

"ಸವಿತಾ!" ಎಂದು ಕೂಗಿದರು. "ಈ ಹಗ್ಗ ಇಷ್ಟ ಹೊಲಸಾಗಿತ್ತೇನ? ಇದರ ಮ್ಯಾಲ ನಾ ತೊಳದ ಅರಿವಿ ಹಾಕ್ತಿದ್ನೇನ? ಒಬ್ಬರಾದ್ರೂ ಹೇಳಬಾರದಾ?"

ಬಂದವರೇ ಗಂಟು ಬಿಚ್ಚಿ, ಬಕೆಟ್ಟಿನಲ್ಲಿ ಸಾಬೂನಿನ ಪುಡಿ ಹಾಕಿ, ನನ್ನನ್ನು ಅದರಲ್ಲಿ ಅದ್ದಿ, ಕಲ್ಲಿನ ಮೇಲೆ ಹಾಕಿ ಬ್ರಷ್ಷಿನಿಂದ ತಿಕ್ಕಿದರು. ಇಷ್ಟು ವರ್ಷ ಮನೆಯ ಬಟ್ಟೆಯನ್ನೆಲ್ಲ ಒಣಗಿಸಿದ ನನಗೆ ಇದು ಮೊದಲ ಸ್ನಾನ. ನೀರು ಕಪ್ಪಗೆ ಹೋಯಿತು. ಎಷ್ಟು ಮಕ್ಕಳ ಬೆಲ್ಲ, ಎಷ್ಟು ಊರುಗಳ ಧೂಳು ಅದರಲ್ಲಿತ್ತೋ.

ಈಗ ನಾನು ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಚಾಚಿ ಮಲಗಿದ್ದೇನೆ. ನಾನು ಕಣ್ಣು ಕೊಟ್ಟವನಲ್ಲ, ಗಾಜು ಅಲ್ಲ, ಅಕ್ಷರವೂ ಅಲ್ಲ. ಮಗುವಿಗೂ ಗೋಡೆಗೂ ನಡುವೆ ಇದ್ದ ಬರೀ ದೂರ. ಆ ದೂರವನ್ನು ಯಾರಾದರೂ ಒಮ್ಮೆ ಸರಿಯಾಗಿ ಅಳೆದು ನೋಡಿದರೆ, ದಡ್ಡರೆನಿಸಿಕೊಂಡ ಎಷ್ಟೋ ಮಕ್ಕಳು ದಡ್ಡರಲ್ಲವೆಂದು ತಿಳಿಯುತ್ತದೆ. ಇಷ್ಟು ನಾನು ಕಂಡದ್ದು.

ಸವಿತಾ ಬಂದು ನನ್ನನ್ನು ಮುಟ್ಟಿ ನೋಡಿದಳು. "ಅತ್ತೀ, ಇನ್ನೂ ಹಸಿ ಐತಿ," ಎಂದಳು.

"ಇರ್ಲಿ, ಒಣಗ್ಲಿ," ಎಂದರು ಅಕ್ಕೋರು ಅಡುಗೆಮನೆಯ ಕಿಟಕಿಯಿಂದ. "ಅವಸರ ಏನೈತಿ? ನನಗ ಇಲ್ಲಿಂದನ ಕಾಣ್ತೈತಿ."